ಕಡಲ ಪಾಚಿಯ ಸಸಾರಜನಕ ಊತಕ್ಕೆ ಮದ್ದಾದೀತೇ?



ಕಡಲ ಪಾಚಿಯ ಹೆಸರು ಈಗ ಕಡಲನ್ನೇ ಕಾಣದ ಹಳ್ಳಿಗಳಿಗೂ ಬಂದಿದೆ. ಟೊಮೇಟೊ, ಮೆಣಸಿನ ಗಿಡ, ಭತ್ತದ ಪೈರಿಗೆ ಸಿಂಪಡಿಸುವ ಪಾಚಿ ರಸದ ಸೀಸೆಗಳು ಗೊಬ್ಬರದ ಅಂಗಡಿಗಳಲ್ಲಿ ಸಾಲಾಗಿ ನಿಂತಿವೆ. ಇದರ ಬೆನ್ನಿಗೇ ಇನ್ನೊಂದು ಮಾತೂ ಹಬ್ಬುತ್ತಿದೆ. ಅದೇ ಪಾಚಿಯಲ್ಲಿ ಕೀಲುನೋವಿಗೂ ಊತಕ್ಕೂ ಮದ್ದಿದೆಯಂತೆ, ಅದರ ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿದರೆ ಮಂಡಿನೋವು ಇಳಿಯುತ್ತದಂತೆ ಎಂಬುದು ಆ ಮಾತು. ಇದರಲ್ಲಿ ಈಗಾಗಲೇ ನಿಜವಾದದ್ದೆಷ್ಟು, ಇನ್ನೂ ನಿಜವಾಗಬೇಕಾದದ್ದೆಷ್ಟು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ. ನಾಟಿ, ಕಳೆ, ಕೊಯ್ಲು ಎಂದು ವರ್ಷವೆಲ್ಲ ಬಗ್ಗಿ ದುಡಿಯುವವರ ಮಂಡಿಗೂ ಸೊಂಟಕ್ಕೂ ಸಂಬಂಧಪಟ್ಟ ವಿಷಯವಿದು. ತಪ್ಪಾಗಿ ತಿಳಿದರೆ ಹಣವೂ ಹೋಗುತ್ತದೆ, ಕೀಲೂ ಹೋಗುತ್ತದೆ.

ಕಡಲ ಪಾಚಿ ಎಂದರೇನು?

ಕೆರೆಯ ಪಾಚಿಯನ್ನು ನೀವು ಬಲ್ಲಿರಿ. ಅದರ ದೊಡ್ಡ ನೆಂಟರು ಕಡಲಿನಲ್ಲಿದ್ದಾರೆ ಎಂದು ತಿಳಿಯಿರಿ. ಕಡಲಕಳೆ ಎಂದೂ ಇವಕ್ಕೆ ಹೆಸರುಂಟು. ಇವಕ್ಕೆ ನಿಜವಾದ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಬಂಡೆಯನ್ನು ಹಿಡಿದು ನಿಂತು, ಸುತ್ತಲಿನ ನೀರಿನಿಂದಲೇ ಆಹಾರ ಹೀರಿ, ಬಿಸಿಲಿನ ಬಲದಿಂದ ಬೆಳೆಯುತ್ತವೆ. ಬಣ್ಣದ ಮೇಲೆ ಹಸಿರು, ಕಂದು, ಕೆಂಪು ಎಂದು ಮೂರು ಪಂಗಡ ಮಾಡಿದ್ದಾರೆ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಯ ಬಂಡೆಗಳ ಮೇಲೆ ಈ ಮೂರೂ ಬೆಳೆಯುತ್ತವೆ. ಹಸಿರಿನಲ್ಲಿ ಉಲ್ವಾ, ಕಂದಿನಲ್ಲಿ ಸರ್ಗಾಸಮ್, ಕೆಂಪಿನಲ್ಲಿ ಗ್ರಾಸಿಲೇರಿಯ ಮತ್ತು ಹಿಪ್ನಿಯ ಎಂಬುವು ಅವುಗಳಲ್ಲಿ ಕೆಲವು.

ತಮಿಳುನಾಡಿನ ಮನ್ನಾರ್ ಕೊಲ್ಲಿಯ ತೀರದಲ್ಲಿ ಹೆಂಗಸರು ನೀರಿನಲ್ಲಿ ಮುಳುಗಿ ಪಾಚಿ ಕಿತ್ತು ತರುವುದು ಬಹುಕಾಲದ ಕಸುಬು. ಬಿದಿರಿನ ತೆಪ್ಪಗಳಿಗೆ ಹಗ್ಗ ಬಿಗಿದು, ಹಗ್ಗಕ್ಕೆ ತುಂಡುಗಳನ್ನು ಕಟ್ಟಿ, ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯನ್ನು ಬೆಳೆಯುವ ಬೇಸಾಯವೂ ಆ ಕಡೆ ಇದೆ. ೧೯೫೪ರಲ್ಲಿ ಗುಜರಾತಿನ ಭಾವನಗರದಲ್ಲಿ ಸ್ಥಾಪನೆಯಾದ ಕೇಂದ್ರ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯು ಈ ಬೇಸಾಯಕ್ಕೂ, ಹಸಿ ಪಾಚಿಯಿಂದ ರಸ ತೆಗೆಯುವ ಕ್ರಮಕ್ಕೂ ದಾರಿ ಹಾಕಿಕೊಟ್ಟಿತು. ೨೦೨೦ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಪಾಚಿ ಬೇಸಾಯವನ್ನೂ ಸೇರಿಸಲಾಯಿತು.

ಪಾಚಿಗೆ ಪೇಟೆಯಲ್ಲಿ ಬೆಲೆ ಬಂದದ್ದು ಮುಖ್ಯವಾಗಿ ಅದರ ಅಂಟಿನಿಂದ. ಅಗರ್, ಆಲ್ಜಿನೇಟ್, ಕ್ಯಾರಜೀನನ್ ಎಂಬ ಈ ಅಂಟುಗಳು ಐಸ್‌ಕ್ರೀಮಿನಲ್ಲಿ, ಹಲ್ಲಿನ ಪೇಸ್ಟಿನಲ್ಲಿ, ಔಷಧದ ಗುಳಿಗೆಗಳಲ್ಲಿ ಸೇರುತ್ತವೆ. ಅಂಟಿನ ಜೊತೆಗೆ ಪಾಚಿಯಲ್ಲಿ ಸಸಾರಜನಕವೂ ಇದೆ. ಮದ್ದಿನ ಮಾತು ಹುಟ್ಟಿರುವುದು ಇದರಿಂದ.

ಸಸಾರಜನಕದ ವಿಚಾರ

ಈಗ ಪ್ರೋಟೀನು ಎಂದು ಕರೆಯುವುದನ್ನೇ ಹಿಂದಿನ ಪಠ್ಯಪುಸ್ತಕಗಳು ಸಸಾರಜನಕ ಎಂದವು. ಬೇಳೆ, ಹಾಲು, ಮೊಟ್ಟೆ, ಮೀನುಗಳಲ್ಲಿ ಇದು ಹೆಚ್ಚು. ನೂರು ಗ್ರಾಂ ಹುರುಳಿ ಅಥವಾ ತೊಗರಿಯಲ್ಲಿ ಸುಮಾರು ೨೨ ಗ್ರಾಂ, ನೂರು ಗ್ರಾಂ ರಾಗಿಯಲ್ಲಿ ಸುಮಾರು ೭ ಗ್ರಾಂ ಸಸಾರಜನಕವಿರುತ್ತದೆ. ಒಣಗಿಸಿದ ಕಂದು ಪಾಚಿಯಲ್ಲಿ ನೂರಕ್ಕೆ ೩ರಿಂದ ೧೫, ಹಸಿರು ಪಾಚಿಯಲ್ಲಿ ೯ರಿಂದ ೨೬ ಭಾಗವಿರುತ್ತದೆ. ಕೆಂಪಿನಲ್ಲಿ ಕೆಲವು ಜಾತಿಗಳು ನೂರಕ್ಕೆ ೪೭ರವರೆಗೂ ಹೋಗುತ್ತವೆ. ಜಪಾನಿನವರು ಅನ್ನಕ್ಕೆ ಸುತ್ತಿ ತಿನ್ನುವ ನೋರಿ ಎಂಬ ಹಾಳೆ ಇಂಥ ಕೆಂಪು ಪಾಚಿಯದೇ. ಆದರೆ ಒಂದೇ ಪಾಚಿಯಲ್ಲಿ ಋತುವಿನಿಂದ ಋತುವಿಗೆ, ತೀರದಿಂದ ತೀರಕ್ಕೆ ಈ ಪ್ರಮಾಣ ಏರಿಳಿಯುತ್ತದೆ.

ಸಸಾರಜನಕವೆಂದರೆ ಮಣಿಸರವಿದ್ದಂತೆ. ಅಮೈನೋ ಆಮ್ಲಗಳೆಂಬ ೨೦ ಬಗೆಯ ಮಣಿಗಳನ್ನು ಬೇರೆ ಬೇರೆ ಕ್ರಮದಲ್ಲಿ ಪೋಣಿಸಿದರೆ ಬೇರೆ ಬೇರೆ ಸಸಾರಜನಕ. ಪೋಣಿಸಿದ ಸರ ತನ್ನಷ್ಟಕ್ಕೆ ಮಡಿಚಿಕೊಂಡು ಒಂದು ಆಕಾರ ತಾಳುತ್ತದೆ. ಬೀಗಕ್ಕೆ ಬೀಗದ ಕೈ ಕೂಡುವಂತೆ ಆ ಆಕಾರದಿಂದಲೇ ಅದು ಕೆಲಸ ಮಾಡುತ್ತದೆ. ಮೊಟ್ಟೆಯನ್ನು ಬೇಯಿಸಿದಾಗ ನೀರಿನಂತಿದ್ದ ಬಿಳಿ ಭಾಗ ಗಟ್ಟಿಯಾಗುವುದನ್ನು ಕಂಡಿದ್ದೀರಿ. ಮಣಿಗಳು ಅವೇ, ಮಡಿಕೆ ಮಾತ್ರ ಬಿಚ್ಚಿತು. ಬೇಯಿಸಿದ ಮೊಟ್ಟೆಯಿಂದ ಮರಿಯಾಗದು. ಆಹಾರವಾಗಿ ತಿನ್ನುವಾಗ ಮಣಿಗಳಿದ್ದರೆ ಸಾಕು, ಮದ್ದಾಗಿ ದುಡಿಯಬೇಕಾದರೆ ಆಕಾರವೂ ಬೇಕು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಊತ ಏಕೆ ಬರುತ್ತದೆ?

ಕಾಲಿಗೆ ಜಾಲಿಮುಳ್ಳು ಚುಚ್ಚಿ ಮುರಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ನೋಯುತ್ತದೆ. ಸುಮಾರು ೨೦೦೦ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬವನು ಬರೆದಿಟ್ಟ ನಾಲ್ಕು ಲಕ್ಷಣಗಳೂ ಇವೇ. ವೈದ್ಯರು ಇದನ್ನು ಉರಿಯೂತ ಎನ್ನುತ್ತಾರೆ. ಇದು ರೋಗವಲ್ಲ, ಮೈ ತನ್ನನ್ನು ತಾನು ಕಾಯುವ ಕ್ರಮ. ಕೆರೆಯ ಏರಿ ಬಿರಿದಾಗ ಡಂಗುರ ಸಾರಿದರೆ ಊರಿನವರೆಲ್ಲ ಗುದ್ದಲಿ, ಮಂಕರಿ ಹಿಡಿದು ಓಡಿಬರುವುದಿಲ್ಲವೇ? ಹಾಗೆಯೇ ಗಾಯವಾದ ಕಡೆಗೆ ರಕ್ತದ ಬಿಳಿ ಕಣಗಳು ಓಡಿಬರುತ್ತವೆ.

ಏರಿ ಕಟ್ಟಿಯಾದ ಮೇಲೆ ಎಲ್ಲರೂ ಮನೆಗೆ ಹೋಗಬೇಕು. ಹೋಗದೆ ಅಲ್ಲೇ ಅಗೆಯುತ್ತಿದ್ದರೆ ಗಟ್ಟಿಯಾದ ಏರಿಯೂ ಹಾಳಾಗುತ್ತದೆ. ರುಮಟಾಯ್ಡ್ ಸಂಧಿವಾತ ಎಂಬ ರೋಗದಲ್ಲಿ ನಡೆಯುವುದು ಇದೇ. ಮುಳ್ಳಿಲ್ಲ, ಗಾಯವಿಲ್ಲ, ಆದರೂ ಡಂಗುರ ನಿಲ್ಲುವುದಿಲ್ಲ. ಕೀಲಿನ ಒಳಪದರ ಊದಿ, ಮೃದ್ವಸ್ಥಿ ಸವೆದು, ಕೊನೆಗೆ ಬೆರಳು ಸೊಟ್ಟಗಾಗುತ್ತವೆ.

ಮೈಯೊಳಗೆ ಡಂಗುರ ಸಾರುವ ವಸ್ತುಗಳಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬುದು ಮುಖ್ಯ. ಆಸ್ಪಿರಿನ್ ಗುಳಿಗೆಯು ಇದರ ತಯಾರಿಕೆಯನ್ನು ತಡೆಯುವುದರಿಂದಲೇ ನೋವು ಇಳಿಯುತ್ತದೆ ಎಂದು ೧೯೭೧ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ತೋರಿಸಿದರು. ಈ ಕೆಲಸಕ್ಕಾಗಿ ೧೯೮೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಆದರೆ ಇಂಥ ನೋವಿನ ಗುಳಿಗೆಗಳನ್ನು ಬಹುಕಾಲ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುವುದುಂಟು, ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದುಂಟು. ಆದ್ದರಿಂದ ಊತವನ್ನು ಇಳಿಸುವ, ಆದರೆ ಮೈಗೆ ಸೌಮ್ಯವಾದ ಹೊಸ ವಸ್ತುಗಳಿಗಾಗಿ ಶಾಸ್ತ್ರಜ್ಞರು ಕಾಡು, ಹೊಲ, ಕಡಲುಗಳನ್ನೆಲ್ಲ ಹುಡುಕುತ್ತಿದ್ದಾರೆ.

ಪ್ರಯೋಗಶಾಲೆಯಲ್ಲಿ ಕಂಡದ್ದು

ಊತ ಇಳಿಸುವ ವಸ್ತುವನ್ನು ಪರೀಕ್ಷಿಸಬೇಕಾದರೆ ಮೊದಲು ಊತ ಬೇಕು. ಅದಕ್ಕಾಗಿ ಇಲಿಯ ಪಾದಕ್ಕೆ ಕ್ಯಾರಜೀನನ್ ಅಂಟನ್ನು ಚುಚ್ಚುವ ಕ್ರಮವನ್ನು ೧೯೬೨ರಲ್ಲಿ ಪ್ರಕಟಿಸಿದರು. ಇಂದಿಗೂ ಆ ಪರೀಕ್ಷೆ ಬಳಕೆಯಲ್ಲಿದೆ. ಕ್ಯಾರಜೀನನ್ ಎಲ್ಲಿಂದ ಬಂತು? ಕೆಂಪು ಪಾಚಿಯಿಂದಲೇ. ಬ್ರೆಜಿಲ್ ದೇಶದ ಶಾಸ್ತ್ರಜ್ಞರು ಹಿಪ್ನಿಯ ಜಾತಿಯ ಒಂದು ಕೆಂಪು ಪಾಚಿಯಿಂದ ಲೆಕ್ಟಿನ್ ಎಂಬ ಬಗೆಯ ಸಸಾರಜನಕವನ್ನು ಬೇರ್ಪಡಿಸಿ ಇಲಿಗಳಿಗೆ ಚುಚ್ಚಿ ಕೊಟ್ಟಾಗ, ಕ್ಯಾರಜೀನನ್ನಿನಿಂದ ಬಂದ ಊತ ಕಡಿಮೆಯಾಯಿತು. ಓಡಿಬರುತ್ತಿದ್ದ ಬಿಳಿ ಕಣಗಳ ಸಂಖ್ಯೆಯೂ ಇಳಿಯಿತು. ಹಿಪ್ನಿಯ ಜಾತಿಯ ಪಾಚಿಗಳಲ್ಲಿ ಕ್ಯಾರಜೀನನ್ ಅಂಟೂ ಇರುತ್ತದೆ. ಎಂದರೆ ಊತ ತರುವ ವಸ್ತುವೂ ಊತ ಇಳಿಸುವ ವಸ್ತುವೂ ಒಂದೇ ಜಾತಿಯ ಪಾಚಿಯಲ್ಲಿವೆ ಎಂದಾಯಿತು. ಪಾಚಿಯನ್ನು ಇಡಿಯಾಗಿ ಮದ್ದೆನ್ನುವುದು ಏಕೆ ಸರಿಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇನ್ನೊಂದು ಕೆಲಸ ನಮ್ಮ ನೆರೆಯಲ್ಲೇ ನಡೆಯಿತು. ಸ್ಪಿರುಲಿನ ಎಂಬುದು ಕಡಲ ಪಾಚಿಯಲ್ಲ, ತೊಟ್ಟಿಯಲ್ಲಿ ಬೆಳೆಸುವ ನೀಲಿ ಹಸಿರು ಪಾಚಿ. ಇದನ್ನು ಬೆಳೆಸಿ ಆಹಾರವಾಗಿ ಬಳಸುವ ಬಗ್ಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಬಹಳ ಕೆಲಸ ಮಾಡಿದೆ. ಇದಕ್ಕೆ ನೀಲಿ ಬಣ್ಣ ಕೊಡುವುದು ಫೈಕೋಸಯಾನಿನ್ ಎಂಬ ಸಸಾರಜನಕ. ಡಂಗುರದ ವಸ್ತುವನ್ನು ಮೈಯೊಳಗೆ ತಯಾರಿಸುವ ಕಿಣ್ವಗಳಲ್ಲಿ ಒಂದನ್ನು ಫೈಕೋಸಯಾನಿನ್ ತಡೆಯುತ್ತದೆಂದು ೨೦೦೦ದಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದವರು ಗಾಜಿನ ಕೊಳವೆಯ ಪ್ರಯೋಗದಲ್ಲಿ ತೋರಿಸಿದರು. ಕಡಲಿನ ಕೆಂಪು ಪಾಚಿಗೆ ಕೆಂಪು ಬಣ್ಣ ಕೊಡುವ ಫೈಕೋಎರಿಥ್ರಿನ್ ಇದೇ ಮನೆತನದ ಸಸಾರಜನಕ. ಆದ್ದರಿಂದ ಅದರ ಮೇಲೂ ಶಾಸ್ತ್ರಜ್ಞರ ಕಣ್ಣಿದೆ.

ಹೊಟ್ಟೆಯೆಂಬ ತಡೆ

ಇಲಿಗೆ ಚುಚ್ಚಿ ಕೊಟ್ಟದ್ದನ್ನು ನಾವು ನುಂಗಿದರೆ ಅದೇ ಫಲ ದೊರೆಯುವುದೇ? ಇಲ್ಲಿ ಮಣಿಸರದ ಮಾತನ್ನು ನೆನೆಯಿರಿ. ಹೊಟ್ಟೆಗೆ ಬಿದ್ದ ಸಸಾರಜನಕವನ್ನು ಜಠರದ ಹುಳಿಯೂ ಜೀರ್ಣರಸಗಳೂ ತುಂಡು ತುಂಡಾಗಿ ಕತ್ತರಿಸುತ್ತವೆ. ಮಣಿಗಳು ಮೈಗೆ ಸೇರುತ್ತವೆ, ಆಕಾರ ಉಳಿಯುವುದಿಲ್ಲ. ಸಿಹಿಮೂತ್ರ ರೋಗಕ್ಕೆ ಕೊಡುವ ಇನ್ಸುಲಿನ್ ಸಹ ಸಸಾರಜನಕವೇ. ೧೯೨೨ರಲ್ಲಿ ಮೊದಲ ರೋಗಿಗೆ ಅದನ್ನು ಚುಚ್ಚಿಯೇ ಕೊಟ್ಟರು. ನೂರು ವರ್ಷ ಕಳೆದರೂ ಅದನ್ನು ಬಹುಮಟ್ಟಿಗೆ ಚುಚ್ಚಿಯೇ ಕೊಡಬೇಕಾಗಿದೆ.

ಹಾಗೆಂದು ತಿಂದದ್ದೆಲ್ಲ ವ್ಯರ್ಥವೆಂದಲ್ಲ. ಕತ್ತರಿಸಿದ ಸರದ ಕೆಲವು ಸಣ್ಣ ತುಂಡುಗಳಿಗೂ ಗುಣವಿರುವುದುಂಟು. ಜಪಾನಿನಲ್ಲಿ ನೋರಿ ಮತ್ತು ವಕಾಮೆ ಎಂಬ ಪಾಚಿಗಳ ಸಸಾರಜನಕವನ್ನು ಮೊದಲೇ ಕಿಣ್ವಗಳಿಂದ ಕತ್ತರಿಸಿ, ರಕ್ತದೊತ್ತಡ ತುಸು ಹೆಚ್ಚಿರುವವರಿಗಾಗಿ ಆಹಾರ ಪದಾರ್ಥಗಳನ್ನು ತಯಾರಿಸಿದ್ದಾರೆ. ಅಲ್ಲಿನ ಸರಕಾರ ಪರೀಕ್ಷೆಯ ಮೇಲೆ ಇವಕ್ಕೆ ಅನುಮತಿ ಕೊಟ್ಟಿದೆ. ಆದರೆ ಇದು ಅಳತೆ ಮಾಡಿ ಸಿದ್ಧಪಡಿಸಿದ ಆಹಾರ. ಬಂಡೆಯಿಂದ ಕಿತ್ತು ಅರೆದ ಪುಡಿಗೂ ಇದಕ್ಕೂ ಹೋಲಿಕೆಯಿಲ್ಲ.

ಕುಂಡದಿಂದ ಹೊಲದವರೆಗೆ

ಹೊಸ ಭತ್ತದ ತಳಿ ನಿಮ್ಮ ಗದ್ದೆಗೆ ಹೇಗೆ ಬರುತ್ತದೆ? ಮೊದಲು ಕುಂಡದಲ್ಲಿ, ಆಮೇಲೆ ಸಂಶೋಧನಾ ಕೇಂದ್ರದ ತಾಕಿನಲ್ಲಿ, ಬಳಿಕ ಹಲವು ಜಿಲ್ಲೆಗಳ ತಾಕುಗಳಲ್ಲಿ, ಕೊನೆಗೆ ರೈತನ ಹೊಲದ ಪ್ರಾತ್ಯಕ್ಷಿಕೆಯಲ್ಲಿ ಅದು ಗೆಲ್ಲಬೇಕು. ಕುಂಡದಲ್ಲಿ ಚೆನ್ನಾಗಿ ಬಂದ ಎಷ್ಟೋ ತಳಿಗಳು ಹೊಲದಲ್ಲಿ ಸೋತಿವೆ. ಮದ್ದಿನ ದಾರಿಯೂ ಹಾಗೆಯೇ.

೧. ಗಾಜಿನ ಕೊಳವೆಯ ಪರೀಕ್ಷೆ. ಇದು ಕುಂಡ.
೨. ಇಲಿಯಂಥ ಪ್ರಾಣಿಗಳ ಮೇಲೆ ಪರೀಕ್ಷೆ. ಇದು ಸಂಶೋಧನಾ ಕೇಂದ್ರದ ತಾಕು.
೩. ಕೆಲವೇ ಮಂದಿ ಸ್ವಯಂಸೇವಕರಿಗೆ ಕೊಟ್ಟು, ಅಪಾಯವಿಲ್ಲವೇ ಎಂದು ನೋಡುವುದು.
೪. ನೂರಾರು, ಸಾವಿರಾರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಮದ್ದು, ಇನ್ನೊಂದಕ್ಕೆ ಬಳಕೆಯ ಮದ್ದನ್ನೋ ಹುಸಿ ಗುಳಿಗೆಯನ್ನೋ ಕೊಟ್ಟು ಹೋಲಿಸುವುದು. ಇದು ರೈತನ ಹೊಲ.

ಊತಕ್ಕೆಂದು ಕಡಲ ಪಾಚಿಯಿಂದ ಬೇರ್ಪಡಿಸಿದ ಸಸಾರಜನಕಗಳು ಮೊದಲ ಎರಡು ಮೆಟ್ಟಿಲುಗಳಲ್ಲಿ ನಿಂತಿವೆ. ವೈದ್ಯರು ಚೀಟಿ ಬರೆದು ಕೊಡುವಂಥ ಮದ್ದು ಇವುಗಳಿಂದ ಇನ್ನೂ ಹೊರಬಂದಿಲ್ಲ. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕೀಲುನೋವಿಗೆಂದು ಪಾಚಿಯ ಸಾರದ ಕ್ಯಾಪ್ಸೂಲೊಂದನ್ನು ಸಿದ್ಧಪಡಿಸಿರುವುದು ನಿಜ. ಆದರೆ ಅದು ಆಹಾರ ಪೂರಕದ ವರ್ಗಕ್ಕೆ ಸೇರಿದ ಸಾರ, ಬೇರ್ಪಡಿಸಿದ ಸಸಾರಜನಕವಲ್ಲ. ವೈದ್ಯರು ಕೊಟ್ಟ ಮದ್ದಿನ ಜಾಗದಲ್ಲಿ ಅದನ್ನು ಇಡಬಾರದು.

ಎರಡು ನಿದರ್ಶನಗಳು

ಪಾಚಿಯಿಂದ ಮದ್ದು ಬಂದೇ ಇಲ್ಲವೆಂದು ತಿಳಿಯಬೇಡಿ. ಜಪಾನಿನಲ್ಲಿ ಡೈಜೀನಿಯ ಎಂಬ ಕೆಂಪು ಪಾಚಿಯ ಕಷಾಯವನ್ನು ಜಂತುಹುಳುವಿಗೆ ಕೊಡುವ ರೂಢಿ ಹಿಂದಿನಿಂದ ಇತ್ತು. ಅದರೊಳಗಿನ ಗುಣವಸ್ತುವಾದ ಕೈನಿಕ್ ಆಮ್ಲವನ್ನು ಅಲ್ಲಿನ ಶಾಸ್ತ್ರಜ್ಞರು ೧೯೫೩ರಲ್ಲಿ ಬೇರ್ಪಡಿಸಿದರು. ಇದು ಇಡೀ ಸಸಾರಜನಕವಲ್ಲ, ಸಸಾರಜನಕದ ಮಣಿಗಳ ನೆಂಟನಾದ ಒಂದು ಅಮೈನೋ ಆಮ್ಲ. ಜಂತುಹುಳುವಿಗೆ ಇದು ಒಳ್ಳೆಯ ಮದ್ದಾಯಿತು. ಆದರೆ ೧೯೭೦ರ ದಶಕದಲ್ಲಿ ಇದೇ ಆಮ್ಲವನ್ನು ಇಲಿಗಳ ಮೆದುಳಿಗೆ ಚುಚ್ಚಿದಾಗ ನರಕಣಗಳು ಸಾಯುವುದು ಕಂಡುಬಂತು. ಅಳತೆಯಲ್ಲಿ ಮದ್ದು, ಅಳತೆ ಮೀರಿದರೆ ವಿಷ. ಇಂದು ನಮ್ಮ ಮಕ್ಕಳಿಗೆ ಶಾಲೆಯಲ್ಲಿಯೂ ಅಂಗನವಾಡಿಯಲ್ಲಿಯೂ ಅಲ್ಬೆಂಡಜೋಲ್ ಗುಳಿಗೆಯನ್ನು ಜಂತುಹುಳುವಿಗಾಗಿ ಕೊಡುತ್ತಾರೆ. ಅದನ್ನು ತಪ್ಪದೆ ಕೊಡಿಸಿರಿ.

ಎರಡನೆಯದು ಗ್ರಿಫಿತ್ಸಿನ್. ನ್ಯೂಜಿಲೆಂಡಿನ ಕಡಲಿನಲ್ಲಿ ಸಿಕ್ಕ ಒಂದು ಕೆಂಪು ಪಾಚಿಯಲ್ಲಿ ೧೨೧ ಮಣಿಗಳ ಈ ಸಸಾರಜನಕವಿದೆಯೆಂದೂ, ಅದು ಏಡ್ಸ್ ರೋಗದ ವೈರಸ್ಸನ್ನು ಅಂಟಿಹಿಡಿದು ಜೀವಕೋಶದೊಳಕ್ಕೆ ಬಿಡುವುದಿಲ್ಲವೆಂದೂ ೨೦೦೫ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಪ್ರಕಟಿಸಿದರು. ಪಾಚಿಯಿಂದ ತೆಗೆದರೆ ದೊರೆಯುವುದು ಬಲು ಸ್ವಲ್ಪ. ಆದ್ದರಿಂದ ೨೦೦೯ರ ಹೊತ್ತಿಗೆ ಅವರು ಮಾಡಿದ್ದೇನೆಂದರೆ, ತಂಬಾಕಿಗೆ ಮೊಸಾಯಿಕ್ ರೋಗ ತರುವ ವೈರಸ್ಸನ್ನೇ ಪಳಗಿಸಿ, ಅದರ ಮೂಲಕ ತಂಬಾಕು ಜಾತಿಯ ಗಿಡಗಳ ಎಲೆಗಳಲ್ಲಿ ಈ ಸಸಾರಜನಕವನ್ನು ಬೆಳೆಸಿದರು. ಸ್ವಯಂಸೇವಕರ ಮೇಲಿನ ಮೊದಲ ಪರೀಕ್ಷೆಗಳೂ ನಡೆದಿವೆ. ಎಂದರೆ ಇದು ಮೂರನೆಯ ಮೆಟ್ಟಿಲಿಗೆ ಬಂದಿದೆ, ಅಂಗಡಿಗೆ ಬಂದಿಲ್ಲ.

ಇದರಲ್ಲಿ ಪಾಚಿ ಬೆಳೆಯಲು ಹೊರಟವರಿಗೂ ಒಂದು ಪಾಠವಿದೆ. ಸಸಾರಜನಕದ ಮಣಿಗಳ ಕ್ರಮ ಒಮ್ಮೆ ತಿಳಿದರೆ ಅದನ್ನು ಬೇರೆಡೆಯಲ್ಲಿ, ಬೇರೆ ಗಿಡದಲ್ಲಿಯೂ ತಯಾರಿಸಬಹುದು. ಆದ್ದರಿಂದ ಕರಾವಳಿಯ ಬಂಧುಗಳು ಅಂಟಿನ ಮತ್ತು ರಸದ ಬೆಲೆಯನ್ನು ಲೆಕ್ಕ ಹಾಕಿ ಪಾಚಿ ಬೇಸಾಯಕ್ಕೆ ಇಳಿಯಿರಿ. ಮದ್ದಿನ ಬೆಲೆ ಬಂದೀತೆಂದು ಸಾಲ ಮಾಡಬೇಡಿ.

ಎಚ್ಚರಿಕೆಯ ಮಾತುಗಳು

ಬೆಳೆಗೆ ಸಿಂಪಡಿಸುವ ಪಾಚಿ ರಸವನ್ನು ಕುಡಿಯಬಾರದು, ಗಾಯಕ್ಕೆ ಹಚ್ಚಬಾರದು. ಅದು ಕೆಡದಿರಲೆಂದು ಸೇರಿಸಿದ ವಸ್ತುಗಳು ಮನುಷ್ಯರ ಹೊಟ್ಟೆಗೆ ಹೇಳಿದವಲ್ಲ.

ಪಾಚಿಯಲ್ಲಿ, ಅದರಲ್ಲೂ ಕಂದು ಪಾಚಿಯಲ್ಲಿ, ಅಯೋಡಿನ್ ಬಹಳ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ೧೫೦ ಮೈಕ್ರೋಗ್ರಾಂ ಮಾತ್ರ. ಒಂದು ಗ್ರಾಮನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದೂವರೆ ಪಾಲು. ಅಯೋಡಿನ್ ಬೆರೆಸಿದ ಉಪ್ಪಿನಿಂದಲೇ ಇದು ದೊರೆಯುತ್ತದೆ. ಇದರ ಮೇಲೆ ಪಾಚಿಯ ಪುಡಿಯನ್ನೂ ಸೇರಿಸಿದರೆ ಥೈರಾಯ್ಡ್ ಗ್ರಂಥಿ ಕೆಡಬಹುದು. ಥೈರಾಯ್ಡ್ ರೋಗಿಗಳೂ ಬಸುರಿಯರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಪಾಚಿಯು ನೀರಿನಲ್ಲಿರುವುದನ್ನೆಲ್ಲ ಹೀರುತ್ತದೆ. ನೀರು ಕೊಳಕಾಗಿದ್ದರೆ ಸೀಸ, ಕ್ಯಾಡ್ಮಿಯಂ ಮೊದಲಾದ ವಿಷಲೋಹಗಳೂ ಅದರಲ್ಲಿ ಸೇರುತ್ತವೆ. ಹಿಜಿಕಿ ಎಂಬ ಕಂದು ಪಾಚಿಯಲ್ಲಿ ಆರ್ಸೆನಿಕ್ ವಿಷ ಹೆಚ್ಚೆಂದು ಬ್ರಿಟನ್ನಿನ ಆಹಾರ ಇಲಾಖೆ ಅದನ್ನು ತಿನ್ನಬಾರದೆಂದು ಜನರಿಗೆ ತಿಳಿಸಿದೆ.

ಸಂತೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ಕೀಲುನೋವಿನ ಪುಡಿ ಎರಡೇ ದಿನದಲ್ಲಿ ನೋವನ್ನು ಪೂರ್ತಿ ಇಳಿಸಿದರೆ ಸಂತೋಷಪಡುವ ಮೊದಲು ಸಂಶಯಪಡಿ. ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪರೀಕ್ಷೆಯಿಂದ ಗೊತ್ತಾಗಿದೆ. ಅಳತೆಯಿಲ್ಲದೆ ತಿಂದರೆ ಮುಖ ಊದುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಥಟ್ಟನೆ ನಿಲ್ಲಿಸಿದರೂ ಅಪಾಯವೇ. ಈಗಾಗಲೇ ತಿನ್ನುತ್ತಿರುವವರು ಪೊಟ್ಟಣವನ್ನು ಕೈಯಲ್ಲಿ ಹಿಡಿದೇ ವೈದ್ಯರ ಬಳಿಗೆ ಹೋಗಿರಿ.

ಮನೆಯಲ್ಲಿ ಯಾರಿಗಾದರೂ ಕೀಲು ಊದಿದರೆ

ಬೆಳಗ್ಗೆ ಎದ್ದಾಗ ಬೆರಳು, ಮಣಿಕಟ್ಟುಗಳು ಅರ್ಧ ಗಂಟೆಗೂ ಮೀರಿ ಬಿಗಿದುಕೊಂಡಿದ್ದು, ಎರಡೂ ಕೈಗಳಲ್ಲಿ ಊತವಿದ್ದು, ಆರು ವಾರವಾದರೂ ಇಳಿಯದಿದ್ದರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು. ಹೆಂಗಸರಲ್ಲಿ ಇದು ಹೆಚ್ಚು. ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಆರಂಭಿಸಿದರೆ ಕೀಲು ಉಳಿಯುತ್ತದೆ. ಸವೆದು ಹೋದ ಕೀಲನ್ನು ಯಾವ ಗುಳಿಗೆಯೂ ಮರಳಿ ಕೊಡದು. ಪುಡಿಯನ್ನು ನಂಬಿ ಒಂದು ವರ್ಷ ಕಾಯುವವರು ಕಳೆದುಕೊಳ್ಳುವುದು ಆ ವರ್ಷವನ್ನೇ.

ಮಕ್ಕಳಿಗೆ ಗಂಟಲುನೋವು ಬಂದ ಎರಡು ಮೂರು ವಾರಗಳ ಮೇಲೆ ಜ್ವರ ಬಂದು, ಊತವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ ತಡಮಾಡಬೇಡಿ. ಇದು ಕೀಲನ್ನು ಬಿಟ್ಟರೂ ಹೃದಯದ ಕವಾಟಗಳನ್ನು ಹಿಡಿಯುವ ರುಮಾಟಿಕ್ ಜ್ವರವಿರಬಹುದು. ಪೆನಿಸಿಲಿನ್ ಚಿಕಿತ್ಸೆಯಿಂದ ಇದು ಮರುಕಳಿಸದಂತೆ ತಡೆಯಬಹುದು. ಒಂದೇ ಕೀಲು ಕೆಂಪಾಗಿ ಕಾದು, ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವ ದಾರಿಯನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಅವರು ಜೊತೆಗೇ ಬಂದಾರು.

ಕಡಲ ಪಾಚಿಯ ಸಸಾರಜನಕ ಒಳ್ಳೆಯ ಬೀಜ. ಅದು ಇನ್ನೂ ಕುಂಡದಲ್ಲಿ, ಸಂಶೋಧನೆಯ ತಾಕಿನಲ್ಲಿ ಮೊಳೆಯುತ್ತಿದೆ. ಫಸಲು ಬರುವವರೆಗೆ ನಮ್ಮ ಕೀಲುಗಳನ್ನು ಈಗಾಗಲೇ ಗೆದ್ದಿರುವ ಮದ್ದುಗಳಿಂದ ಕಾಪಾಡಿಕೊಳ್ಳೋಣ.

ಕೂಟದಲ್ಲಿ ಚರ್ಚಿಸಲು

ಈ ಪಾಠವನ್ನು ಓದುಬಲ್ಲವರು ಗಟ್ಟಿಯಾಗಿ ಓದಿ ಉಳಿದವರಿಗೆ ಹೇಳಿರಿ. ಬಳಿಕ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿರಿ.

೧. ಆಹಾರವಾಗುವ ಸಸಾರಜನಕಕ್ಕೂ ಮದ್ದಾಗುವ ಸಸಾರಜನಕಕ್ಕೂ ಭೇದವೇನು?
೨. ಇನ್ಸುಲಿನ್ನನ್ನು ನುಂಗಿಸದೆ ಚುಚ್ಚಿ ಕೊಡುವುದೇಕೆ?
೩. ಹೊಸ ಮದ್ದೊಂದರ ಮಾತು ಕಿವಿಗೆ ಬಿದ್ದಾಗ ಅದು ನಾಲ್ಕು ಮೆಟ್ಟಿಲುಗಳಲ್ಲಿ ಎಲ್ಲಿದೆಯೆಂದು ಯಾರನ್ನು ಕೇಳುವಿರಿ?
೪. ನಿಮ್ಮ ಊರಿನಲ್ಲಿ ಕೀಲು ಊದಿಯೂ ವೈದ್ಯರಿಗೆ ತೋರಿಸದವರು ಎಷ್ಟು ಮಂದಿ? ಈ ವಾರದಲ್ಲಿ ಅವರನ್ನು ಯಾರು ಕರೆದೊಯ್ಯುವಿರಿ?